ಹೊರೆ ನಮ್ಮದು, ಹಾದಿ ಎಲ್ಲರದು

(ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯನೊಬ್ಬನನ್ನು ವೇದಿಕೆಗೆ ಕರೆದರೆ ಆತ ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲುಗಳ ಬಗ್ಗೆ ಮಾತನಾಡಿ, ಒಬ್ಬಟ್ಟಿನ ಊಟಕ್ಕೆ ಕುಳಿತವರ ರುಚಿಯನ್ನು ಕೆಡಿಸುತ್ತಾನೆ ಎಂಬುದು ವಾಡಿಕೆ. ಇಂದು ನಾನು ಆ ಅಪರಾಧವನ್ನು ಮಾಡುವುದಿಲ್ಲ. ನಾನು ಮಾತನಾಡಲು ಆರಿಸಿಕೊಂಡಿರುವುದು ಹಗ್ಗದ ವಿಷಯ. ಪಿಕಪ್ ಟ್ರಕ್ಕಿನಲ್ಲಿ ಸಾಮಾನು ಹೇರಿದಾಗ ಅದನ್ನು ಹೇಗೆ ಕಟ್ಟಬೇಕು, ಕಟ್ಟದಿದ್ದರೆ ಏನಾಗುತ್ತದೆ ಎಂಬುದು ನನ್ನ ಇಂದಿನ ವಿಷಯ. ಇದು ವೈದ್ಯಶಾಸ್ತ್ರಕ್ಕೆ ಹೊರತಾದುದೆಂದು ತಮಗೆ ತೋರಬಹುದು. ನನಗೂ ಬಹಳ ವರ್ಷ ಹಾಗೆಯೇ ತೋರಿತ್ತು.

ನಾನು ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಬೆಳೆದವನು. ಕಬ್ಬು ಕಡಿಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟಿ ಹೋಗುತ್ತಿದ್ದ ಎತ್ತಿನ ಗಾಡಿಗಳು ನನ್ನ ಬಾಲ್ಯದ ಅಚ್ಚಳಿಯದ ಚಿತ್ರ. ನಮ್ಮ ತಾತ ಗಾಡಿಗೆ ಕಬ್ಬು ಹೇರಿಸಿದ ಮೇಲೆ ತಾವೇ ಹಗ್ಗ ಬಿಗಿಯುತ್ತಿದ್ದರು. ಬಿಗಿದಾದ ಮೇಲೆ ಒಂದು ಸುತ್ತು ಗಾಡಿಯನ್ನು ಬಳಸಿ ಬಂದು, ನಾಲ್ಕೂ ಕಡೆ ಹೇರಿನ ಮೇಲೆ ಅಂಗೈಯಿಂದ ಬಡಿದು ನೋಡುತ್ತಿದ್ದರು. ಊರ ಗಡಿ ದಾಟಿದ ಮೇಲೆ ಮತ್ತೊಮ್ಮೆ ಗಾಡಿ ನಿಲ್ಲಿಸಿ ಹಾಗೆಯೇ ಬಡಿಯುತ್ತಿದ್ದರು. ಹಿಂದೆ ಓಡಿ ಬರುತ್ತಿದ್ದ ನಮ್ಮಂತಹ ಹುಡುಗರಿಗೆ ಇದು ದೊಡ್ಡ ನಿರಾಸೆ. ಏಕೆಂದರೆ ಸಡಿಲವಾಗಿ ಕಟ್ಟಿದ ಗಾಡಿಯಿಂದ ಜಾರಿಬಿದ್ದ ಕಬ್ಬಿನ ಜಲ್ಲೆ ನಮ್ಮ ಪಾಲಿನ ಭಾಗ್ಯ.

ಎತ್ತಿನ ಗಾಡಿಯ ವೇಗ ಗಂಟೆಗೆ ಎರಡು ಮೂರು ಮೈಲಿ. ಆ ವೇಗದಲ್ಲಿ ಬಿದ್ದ ಹೊರೆ ಮಕ್ಕಳಿಗೆ ತಿಂಡಿಯಾಗುತ್ತದೆ. ಇಲ್ಲಿಯ ಹೆದ್ದಾರಿಯಲ್ಲಿ ನಾವು ಗಂಟೆಗೆ 60 ಮೈಲಿಯ ವೇಗದಲ್ಲಿ, ಅಂದರೆ ಒಂದು ಸೆಕೆಂಡಿಗೆ 88 ಅಡಿ ಸಾಗುತ್ತೇವೆ. ಆ ವೇಗದಲ್ಲಿ ಬಿದ್ದ ಹೊರೆ ಹಿಂದೆ ಬರುತ್ತಿರುವವರಿಗೆ ಏನಾಗುತ್ತದೆಂಬುದನ್ನು ತಿಳಿಯಲು ನನಗೆ ಮಂಡ್ಯದ ಬಾಲ್ಯವೂ ಸಾಲಲಿಲ್ಲ, ಮೈಸೂರಿನ ಎಂ.ಬಿ.ಬಿ.ಎಸ್. ಪದವಿಯೂ ಸಾಲಲಿಲ್ಲ.

1997ರಲ್ಲಿ ನಾನು ಮಿಶಿಗನ್ ರಾಜ್ಯದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದೆ. ಕೈಯಲ್ಲಿ ಕಾಸಿಲ್ಲದ ಕಾಲ. ಅಲ್ಲಿಯವರೆಗೆ ನೆಲದ ಮೇಲೆ ಮಲಗುತ್ತಿದ್ದವನು, ಯಾರೋ ಮಾರುತ್ತಿದ್ದ ಹಳೆಯ ಹಾಸಿಗೆಯೊಂದನ್ನು ಕೊಂಡೆ. ದಾವಣಗೆರೆಯ ಕಡೆಯ ಗೆಳೆಯರೊಬ್ಬರು ತಮ್ಮ ಪರಿಚಿತರ ಪಿಕಪ್ ಟ್ರಕ್ಕನ್ನು ಎರವಲು ತಂದರು. ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಹಗ್ಗವನ್ನು ನಾನೇ ಕಟ್ಟಿದೆ. "ಇದು ಸಾಕೇನ್ರಿ?" ಎಂದು ಅವರು ಕೇಳಿದಾಗ, "ನಾನು ಮಂಡ್ಯದವನು, ಗಾಡಿ ಕಟ್ಟಿ ಗೊತ್ತು" ಎಂದು ಜಂಬದಿಂದ ಉತ್ತರಿಸಿದೆ. ತಾತ ಬಡಿದು ನೋಡುತ್ತಿದ್ದುದು ಮಾತ್ರ ನೆನಪಿಗೆ ಬರಲಿಲ್ಲ.

ಹೆದ್ದಾರಿಗೆ ಸೇರಿ ಐದು ನಿಮಿಷವಾಗಿರಲಿಲ್ಲ. ಹಾಸಿಗೆಯ ಮುಂಭಾಗ ಮೇಲೆದ್ದಿತು, ಹಗ್ಗ ಪಟ್ಟನೆ ಹರಿಯಿತು, ಹಾಸಿಗೆ ಗಾಳಿಪಟದಂತೆ ಹಾರಿತು. ಕನ್ನಡಿಯಲ್ಲಿ ನೋಡುತ್ತಿದ್ದಂತೆಯೇ ಹಿಂದಿನ ಬೂದುಬಣ್ಣದ ಕಾರೊಂದು ಅದನ್ನು ತಪ್ಪಿಸಲು ಹೊರಳಿ, ರಸ್ತೆಯ ಅಂಚನ್ನು ದಾಟಿ ಹುಲ್ಲಿನ ಮೇಲೆ ಹೋಯಿತು. ನಾವು ಮುಂದಿನ ನಿರ್ಗಮನದಲ್ಲಿ ಇಳಿದು, ಸುತ್ತು ಹಾಕಿ ಅಲ್ಲಿಗೆ ಮರಳುವ ಹೊತ್ತಿಗೆ ಹಾಸಿಗೆ ಒಂದು ಬದಿಯಲ್ಲಿ ಬಿದ್ದಿತ್ತು. ಕಾರು ಇರಲಿಲ್ಲ. ಅದರಲ್ಲಿ ಎಷ್ಟು ಜನರಿದ್ದರು, ಯಾರಿಗಾದರೂ ಪೆಟ್ಟಾಯಿತೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಭಯ ಕಳೆದ ಮೇಲೆ ನಾವಿಬ್ಬರೂ ನಕ್ಕೆವು. ಮುಂದೆ ಹಲವು ವರ್ಷ ಯುಗಾದಿ, ದೀಪಾವಳಿಯ ಕೂಟಗಳಲ್ಲಿ ನಾನು ಈ ಹಾರುವ ಹಾಸಿಗೆಯ ಕಥೆಯನ್ನು ಅಭಿನಯಸಹಿತ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಆ ಕಥೆಯಲ್ಲಿ ಬೂದುಬಣ್ಣದ ಕಾರು ಒಮ್ಮೆಯೂ ಬರುತ್ತಿರಲಿಲ್ಲ.

ರೆಸಿಡೆನ್ಸಿಯ ನಂತರ ನಾನು ಈ ವಾಷಿಂಗ್ಟನ್ ರಾಜ್ಯಕ್ಕೆ ಬಂದೆ. ನನ್ನ ವೃತ್ತಿ ಪುನರ್ವಸತಿ ವೈದ್ಯಕೀಯ. ಅಪಘಾತದಲ್ಲಿ ಪ್ರಾಣ ಉಳಿಸುವ ವೈದ್ಯರು ಬೇರೆ. ಉಳಿದವರು ಮತ್ತೆ ನಡೆಯಲು, ನುಂಗಲು, ಮಕ್ಕಳ ಹೆಸರನ್ನು ನೆನಪಿಸಿಕೊಳ್ಳಲು ಕಲಿಯುವಾಗ ಜೊತೆಯಲ್ಲಿರುವುದು ನಮ್ಮ ಕೆಲಸ. ಕೆಲವು ವರ್ಷಗಳ ಹಿಂದೆ ಮಿದುಳಿಗೆ ತೀವ್ರ ಪೆಟ್ಟಾದ ಒಬ್ಬ ವ್ಯಕ್ತಿ ನಮ್ಮ ವಿಭಾಗಕ್ಕೆ ಬಂದರು. ರೋಗಿಯ ಗೌಪ್ಯವನ್ನು ಕಾಯುವುದು ನಮ್ಮ ಧರ್ಮವಾದ್ದರಿಂದ ಗುರುತು ಹಿಡಿಯುವಂತಹ ವಿವರಗಳನ್ನು ನಾನು ಹೇಳುವುದಿಲ್ಲ. ಹೆದ್ದಾರಿಯ ನಡುವೆ ಬಿದ್ದಿದ್ದ ಏಣಿಯೊಂದನ್ನು ತಪ್ಪಿಸಲು ಹೋಗಿ ಅವರ ಕಾರು ಮಗುಚಿತ್ತು. ಒಂದು ಸಂಜೆ ಅವರಿಗೆ ಚಮಚ ಹಿಡಿಯುವುದನ್ನು ಕಲಿಸುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಅವರ ಪತ್ನಿ ನನ್ನನ್ನು ಕೇಳಿದರು: "ಡಾಕ್ಟರೆ, ಆ ಏಣಿ ಯಾರದು? ಅದು ಬಿದ್ದದ್ದು ಅವರಿಗೆ ಗೊತ್ತಿದೆಯೆ?"

ನನ್ನಲ್ಲಿ ಉತ್ತರವಿರಲಿಲ್ಲ. ನನಗೆ ನೆನಪಾದದ್ದು ನನ್ನ ಹಾಸಿಗೆ. ಅಂದಿನಿಂದ ಆ ಕಥೆಯನ್ನು ನಾನು ನಗಿಸಲು ಹೇಳಿಲ್ಲ.

ಬಂಧುಗಳೆ, ಇದು ಅಪರೂಪದ ದುರದೃಷ್ಟವೆಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಅಮೆರಿಕದ ಎ.ಎ.ಎ. ಸಂಸ್ಥೆಯ ಸಂಚಾರ ಸುರಕ್ಷತಾ ಪ್ರತಿಷ್ಠಾನವು 2016ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಅದರ ಪ್ರಕಾರ 2011ರಿಂದ 2014ರವರೆಗಿನ ನಾಲ್ಕು ವರ್ಷಗಳಲ್ಲಿ ರಸ್ತೆಗೆ ಬಿದ್ದ ವಸ್ತುಗಳು ಈ ದೇಶದ 2,00,000ಕ್ಕೂ ಹೆಚ್ಚು ಅಪಘಾತಗಳಲ್ಲಿ ಪಾತ್ರ ವಹಿಸಿದವು. ಸುಮಾರು 39,000 ಜನ ಗಾಯಗೊಂಡರು, 500ಕ್ಕೂ ಹೆಚ್ಚು ಜನ ಸತ್ತರು. ಇಂತಹ ಅಪಘಾತಗಳಲ್ಲಿ ಸುಮಾರು ಮೂರರಲ್ಲಿ ಎರಡಕ್ಕೆ ಕಾರಣ ಸರಿಯಾಗಿ ಕಟ್ಟದ ಹೊರೆ ಅಥವಾ ದುರಸ್ತಿಯಿಲ್ಲದ ವಾಹನದಿಂದ ಕಳಚಿಬಿದ್ದ ಭಾಗಗಳು. ಸಾವುಗಳಲ್ಲಿ ಸುಮಾರು 37 ಪ್ರತಿಶತ ಸಂಭವಿಸಿದ್ದು ಚಾಲಕರು ವಸ್ತುವನ್ನು ತಪ್ಪಿಸಲು ಹಠಾತ್ತನೆ ಹೊರಳಿದ್ದರಿಂದ. ಅಂದರೆ ಬಿದ್ದ ವಸ್ತು ಯಾರನ್ನೂ ತಾಕದೆಯೇ ಕೊಲ್ಲಬಲ್ಲದು.

ನಮ್ಮ ರಾಜ್ಯದಲ್ಲಿಯೇ 2004ರಲ್ಲಿ ನಡೆದ ಘಟನೆಯನ್ನು ಇಲ್ಲಿಯ ಹಿರಿಯರು ಮರೆತಿರಲಾರರು. ರೆಂಟನ್ ಬಳಿ 405ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ತರುಣಿಯೊಬ್ಬಳು ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಳು. ಮುಂದಿನ ಬಾಡಿಗೆ ಟ್ರೇಲರಿನಿಂದ ಟಿ.ವಿ. ಇಡುವ ಕಪಾಟಿನ ಹಲಗೆ ಹಾರಿಬಂದು, ಗಾಜನ್ನು ಸೀಳಿ, ಅವಳ ಮುಖಕ್ಕೆ ಬಡಿಯಿತು. ಅವಳು ಬದುಕಿದಳು, ಆದರೆ ದೃಷ್ಟಿಯನ್ನು ಕಳೆದುಕೊಂಡಳು. ಅವಳ ತಾಯಿ ಪಟ್ಟುಹಿಡಿದು ಹೋರಾಡಿದ್ದರ ಫಲವಾಗಿ 2005ರಲ್ಲಿ ರಾಜ್ಯದ ಶಾಸನಸಭೆ ಹೊಸ ಕಾನೂನನ್ನು ಮಾಡಿತು. ಜನ ಅದನ್ನು ಆ ತರುಣಿಯ ಹೆಸರಿನಿಂದ ಮರಿಯಾ ಕಾನೂನು ಎಂದೇ ಕರೆಯುತ್ತಾರೆ. ಭದ್ರಪಡಿಸದ ಹೊರೆಯಿಂದ ಒಬ್ಬರಿಗೆ ಗಂಭೀರ ಗಾಯವಾದರೆ ಚಾಲಕನಿಗೆ ಸುಮಾರು ಒಂದು ವರ್ಷದವರೆಗೆ ಸೆರೆವಾಸ, 5,000 ಡಾಲರಿನವರೆಗೆ ದಂಡ ವಿಧಿಸಬಹುದು. ಇಂದು ಅಮೆರಿಕದ 50 ರಾಜ್ಯಗಳಲ್ಲಿಯೂ ಹೊರೆಯ ಭದ್ರತೆಗೆ ಸಂಬಂಧಿಸಿದ ಕಾನೂನುಗಳಿವೆ. ಆದರೆ ದಂಡದ ಭಯವನ್ನು ಹುಟ್ಟಿಸಲು ನಾನು ಇಲ್ಲಿ ನಿಂತಿಲ್ಲ. ಕಾನೂನು ಬರುವುದು ಗಾಯವಾದ ಮೇಲೆ. ಹಗ್ಗ ಬರಬೇಕಾದದ್ದು ಅದಕ್ಕೆ ಮೊದಲು.

ಓದು ಬರಹ ಬಲ್ಲವರೇ ಈ ತಪ್ಪನ್ನು ಏಕೆ ಮಾಡುತ್ತೇವೆ? ಊರಿನಲ್ಲಿ ನಮ್ಮ ಸಾಮಾನನ್ನು ಹೇರಲು ಬಲ್ಲವರಿದ್ದರು. ಆ ವಿದ್ಯೆಯನ್ನು ನಾವು ವಿದ್ಯೆಯೆಂದು ಎಣಿಸಲಿಲ್ಲ. ಇಲ್ಲಿ ಮರದ ಸಾಮಾನಿನ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಟ್ರಕ್ಕು ಬಾಡಿಗೆಗೆ ಸಿಗುತ್ತದೆ. ಕಟ್ಟುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಹೀಗಾಗಿ ಮೂರು ಭ್ರಮೆಗಳು ನಮ್ಮಲ್ಲಿ ಬೇರೂರಿವೆ.

ಮೊದಲನೆಯದು, "ಭಾರವಾದದ್ದು ಅಲುಗುವುದಿಲ್ಲ" ಎಂಬುದು. ಭಾರ ಹೆಚ್ಚಿದಷ್ಟೂ ವಸ್ತು ತಳವನ್ನು ಗಟ್ಟಿಯಾಗಿ ಒತ್ತುತ್ತದೆ, ಘರ್ಷಣೆ ಹೆಚ್ಚುತ್ತದೆ, ನಿಜ. ಆದರೆ ಬ್ರೇಕು ಒತ್ತಿದಾಗ ಅದು ಮುಂದಕ್ಕೆ ನುಗ್ಗುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದ್ದರಿಂದ ಭಾರವೊಂದೇ ರಕ್ಷಣೆಯಲ್ಲ. ವಾಣಿಜ್ಯ ಲಾರಿಗಳಿಗೆ ಇಲ್ಲಿಯ ಕೇಂದ್ರ ಸರ್ಕಾರ ಮಾಡಿರುವ ನಿಯಮವನ್ನು ಗಮನಿಸಿ: ಕಟ್ಟು ಮುಂದಕ್ಕೆ ಹೊರೆಯ ತೂಕದ 0.8 ಭಾಗದಷ್ಟು, ಹಿಂದಕ್ಕೆ ಮತ್ತು ಪಕ್ಕಗಳಿಗೆ 0.5 ಭಾಗದಷ್ಟು ಬಲವನ್ನು ತಡೆದುಕೊಳ್ಳಬೇಕು. ಅಂದರೆ 100 ಪೌಂಡಿನ ಪೆಟ್ಟಿಗೆಯನ್ನು 80 ಪೌಂಡಿನ ಬಲದಿಂದ ಯಾರೋ ಮುಂದಕ್ಕೆ ತಳ್ಳುತ್ತಿದ್ದಾರೆ ಎಂದು ಭಾವಿಸಿಯೇ ಕಟ್ಟಬೇಕು.

ಎರಡನೆಯದು, "ಹಗುರವಾದದ್ದರಿಂದ ಅಪಾಯವಿಲ್ಲ" ಎಂಬುದು. ನನ್ನ ಹಾಸಿಗೆಯ ಲೆಕ್ಕವನ್ನು ನಾನು ಬಹಳ ತಡವಾಗಿ ಮಾಡಿದೆ. ಗಂಟೆಗೆ 60 ಮೈಲಿಯ ಗಾಳಿಯ ಒತ್ತಡ ಒಂದು ಚದರ ಅಡಿಗೆ ಸುಮಾರು ಒಂಬತ್ತು ಪೌಂಡು. ಕ್ವೀನ್ ಅಳತೆಯ ಹಾಸಿಗೆ 60 ಅಂಗುಲ ಅಗಲ, 80 ಅಂಗುಲ ಉದ್ದ. ವಿಸ್ತೀರ್ಣ 33 ಚದರ ಅಡಿಗೂ ಹೆಚ್ಚು. ಗಾಳಿ ಅದರ ಅಡಿಗೆ ನುಗ್ಗಿ ಮೈತುಂಬ ತಾಗಿದರೆ ಎತ್ತುವ ಬಲ ಹೆಚ್ಚುಕಡಿಮೆ 300 ಪೌಂಡು. ಕಿಟಕಿಯಿಂದ ಕೈಚಾಚಿ ಹಾಸಿಗೆಯನ್ನು ಹಿಡಿದುಕೊಂಡು ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ಆ ಕೈ ಯಾವ ಪೈಲ್ವಾನನದಾದರೂ ನಿಲ್ಲದು. ವೇಗ ಇಮ್ಮಡಿಯಾದರೆ ಗಾಳಿಯ ಬಲ ನಾಲ್ಮಡಿಯಾಗುತ್ತದೆ. ಮನೆಯ ಬೀದಿಯಲ್ಲಿ 30 ಮೈಲಿ ವೇಗದಲ್ಲಿ ಅಲುಗದೆ ಕುಳಿತ ವಸ್ತು ಹೆದ್ದಾರಿಗೆ ಬಂದೊಡನೆ ಹಾರುವುದು ಇದರಿಂದಲೇ. ಪ್ಲೈವುಡ್ ಹಲಗೆ, ಖಾಲಿ ಬಕೆಟ್ಟು, ನಮ್ಮ ಬಿಸಿಬೇಳೆಭಾತಿನ ದೊಡ್ಡ ಪಾತ್ರೆಯ ಮುಚ್ಚಳ, ಇವೆಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಮೂರನೆಯದು, "ಹತ್ತಿರದಲ್ಲಿಯೇ ಇದೆ, ಇಷ್ಟಕ್ಕೆ ಕಟ್ಟಬೇಕೆ?" ಎಂಬುದು. ನಮ್ಮ ಹಾಸಿಗೆ ಹಾರಿದ್ದು ಐದನೆಯ ನಿಮಿಷದೊಳಗೆ.

ಇನ್ನು ಕಟ್ಟುವ ಕ್ರಮವನ್ನು ಹೇಳುತ್ತೇನೆ. ವೈದ್ಯನ ಚೀಟಿಯಂತೆ ಇದನ್ನು ಮನೆಗೆ ಒಯ್ಯಿರಿ.

ಹೇರುವ ಮೊದಲು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯನ್ನು ಓದಿ. ಜನ ಮತ್ತು ಸರಕು ಸೇರಿ ಎಷ್ಟು ತೂಕ ಮೀರಬಾರದೆಂಬುದು ಅಲ್ಲಿರುತ್ತದೆ. ಟ್ರಕ್ಕಿನ ಹಿಂಭಾಗದಲ್ಲಿ ಹಳೆಯ ಜಲ್ಲಿಕಲ್ಲು, ಬಾಟಲಿ, ಹಲಗೆಯ ಚೂರು ಇದ್ದರೆ ಗುಡಿಸಿ ತೆಗೆಯಿರಿ. ಭಾರವಾದುದನ್ನು ಕೆಳಗೆ, ಚಾಲಕನ ಕೋಣೆಯ ಗೋಡೆಗೆ ಒತ್ತಿಕೊಂಡಂತೆ ಇಡಿ; ಎಡಬಲಗಳ ಭಾರ ಸಮನಾಗಿರಲಿ. ಸಂದುಗಳನ್ನು ತುಂಬಿ, ಜರುಗಲು ಜಾಗವಿಲ್ಲದಂತೆ ಮಾಡಿ. ಹಗುರವಾದುದನ್ನು ಮೇಲಿಟ್ಟು ಹಾಗೆಯೇ ಬಿಡಬೇಡಿ, ಅದನ್ನೂ ಕಟ್ಟಿ.

ಕಟ್ಟಲು ರ‍್ಯಾಚೆಟ್ ಪಟ್ಟಿಗಳನ್ನು ಬಳಸಿ. ಒಂದೊಂದು ಪಟ್ಟಿಯ ಮೇಲೂ ಅದು ಸುರಕ್ಷಿತವಾಗಿ ಹಿಡಿಯಬಲ್ಲ ತೂಕವನ್ನು ಮುದ್ರಿಸಿರುತ್ತಾರೆ. ಸಾಮಾನ್ಯವಾಗಿ ಇದು ಪಟ್ಟಿ ಹರಿಯುವ ಬಲದ ಮೂರನೆಯ ಒಂದು ಭಾಗ. 1,500 ಪೌಂಡಿಗೆ ಹರಿಯುವ ಪಟ್ಟಿಯನ್ನು 500 ಪೌಂಡಿನದೆಂದೇ ಎಣಿಸಬೇಕು. ಎಲ್ಲ ಪಟ್ಟಿಗಳ ಸುರಕ್ಷಿತ ಮಿತಿಯನ್ನು ಕೂಡಿದರೆ ಅದು ಹೊರೆಯ ತೂಕದ ಅರ್ಧಕ್ಕಿಂತ ಕಡಿಮೆಯಾಗಬಾರದೆಂದು ವಾಣಿಜ್ಯ ಲಾರಿಗಳ ನಿಯಮ ಹೇಳುತ್ತದೆ. ಇದು ಕನಿಷ್ಠ ಮಿತಿ, ಹೆಚ್ಚು ಬಿಗಿದರೆ ನಷ್ಟವಿಲ್ಲ. ಪಟ್ಟಿಗಳನ್ನು ಟ್ರಕ್ಕಿನ ಒಳಬದಿಯಲ್ಲಿರುವ ಕೊಂಡಿಗಳಿಗೇ ಸಿಕ್ಕಿಸಿ. ಒಂದೇ ದಿಕ್ಕಿನಲ್ಲಿ ಬಿಗಿದು ತೃಪ್ತಿಪಡಬೇಡಿ, ಹೊರೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಯಾವ ಕಡೆಗೂ ಜರುಗದಂತೆ ಅಡ್ಡಲಾಗಿಯೂ ಉದ್ದಕ್ಕೂ ಕಟ್ಟಿ. ನಾನು 1997ರಲ್ಲಿ ಮಾಡಿದ ತಪ್ಪು ಇದೇ: ಮೇಲೊಂದು ಅಡ್ಡಗಟ್ಟು ಹಾಕಿದೆ, ಮುಂಭಾಗವನ್ನು ಗಾಳಿಗೆ ತೆರೆದಿಟ್ಟೆ. ಚೂಪಾದ ಅಂಚಿನ ಮೇಲೆ ಪಟ್ಟಿ ಹಾಯುವಲ್ಲಿ ಹಳೆಯ ರತ್ನಗಂಬಳಿಯ ತುಂಡನ್ನು ಇಡಿ. ಎಲೆ, ಕಸ, ಕೊಂಬೆಗಳಂತಹ ಬಿಡಿ ವಸ್ತುಗಳಿಗೆ ಟಾರ್ಪಾಲು ಅಥವಾ ಬಲೆ ಹೊದಿಸಿ, ಅದನ್ನೂ ಬಿಗಿಯಿರಿ. ಟ್ರಕ್ಕಿನಿಂದ ನಾಲ್ಕು ಅಡಿಗಿಂತ ಹೆಚ್ಚು ಹಿಂದಕ್ಕೆ ಚಾಚಿದ ಹಲಗೆಗೆ ಹಗಲಿನಲ್ಲಿ ಕೆಂಪು ಬಟ್ಟೆ, ರಾತ್ರಿ ಕೆಂಪು ದೀಪ ಅಗತ್ಯ.

ಕೊಕ್ಕೆಯಿರುವ ಎಳೆದಾಡುವ ಬಂಜೀ ಹಗ್ಗವನ್ನು ನೆಚ್ಚಬೇಡಿ. ಅದು ಹಿಗ್ಗುವ ವಸ್ತು. ಹೊರೆಯ ಜೊತೆಗೆ ತಾನೂ ಹಿಗ್ಗಿ ದಾರಿ ಬಿಟ್ಟುಕೊಡುತ್ತದೆ. ಇದಕ್ಕಿಂತ ಮುಖ್ಯವಾದ ಮಾತೊಂದನ್ನು ವೈದ್ಯನಾಗಿ ಹೇಳಬೇಕು. ಎಳೆದು ಸಿಕ್ಕಿಸುವಾಗ ಕೊಕ್ಕೆ ಕಳಚಿ ಸಿಡಿದರೆ ನೇರವಾಗಿ ಬಡಿಯುವುದು ಕಣ್ಣಿಗೆ. ಕಣ್ಣಿನೊಳಗೆ ರಕ್ತಸ್ರಾವವಾಗುವುದು, ಅಕ್ಷಿಪಟಲ ಕಳಚುವುದು, ದೃಷ್ಟಿಯೇ ಹೋಗುವುದು, ಇವೆಲ್ಲ ನೇತ್ರವೈದ್ಯರು ಕಂಡಿರುವ ಸಂಗತಿಗಳು. ಹಾಗೆಯೇ ಸಾಮಾನು ಹಿಡಿದುಕೊಳ್ಳಲೆಂದು ಮಕ್ಕಳನ್ನಾಗಲಿ ಗೆಳೆಯರನ್ನಾಗಲಿ ಟ್ರಕ್ಕಿನ ಹಿಂಭಾಗದಲ್ಲಿ ಕೂರಿಸಬೇಡಿ. ಅಲ್ಲಿ ಕುಳಿತವರೂ ಕಟ್ಟದ ಹೊರೆಯೇ.

ಕಟ್ಟಿಯಾದ ಮೇಲೆ ಹಿಂಬಾಗಿಲು ಮುಚ್ಚಿ, ಸುತ್ತ ಒಮ್ಮೆ ನಡೆದು ಕೈಯಿಂದ ಅಲುಗಿಸಿ ನೋಡಿ. ಹೆದ್ದಾರಿಗೆ ಸೇರುವ ಮೊದಲು ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ ಮತ್ತೊಮ್ಮೆ ನೋಡಿ, ಏಕೆಂದರೆ ಹೊರೆ ಕುಲುಕಿ ಕುಳಿತಾಗ ಪಟ್ಟಿ ಸಡಿಲವಾಗುತ್ತದೆ. ವಾಣಿಜ್ಯ ಲಾರಿಯ ಚಾಲಕರು ಮೊದಲ 50 ಮೈಲಿಗಳೊಳಗೆ ಹೊರೆಯನ್ನು ಪುನಃ ಪರೀಕ್ಷಿಸಬೇಕೆಂದು ನಿಯಮವಿದೆ. ನಮ್ಮ ತಾತನಿಗೆ ಈ ನಿಯಮವನ್ನು ಯಾರೂ ಓದಿ ಹೇಳಿರಲಿಲ್ಲ.

ಇಷ್ಟಾಗಿಯೂ ಏನಾದರೂ ಬಿದ್ದರೆ, ರಸ್ತೆಯ ಬದಿಗೆ ಸರಿದು ನಿಲ್ಲಿಸಿ, ಕೂಡಲೇ 911ಕ್ಕೆ ಕರೆ ಮಾಡಿ, ಬಿದ್ದ ಜಾಗವನ್ನು ಸ್ಪಷ್ಟವಾಗಿ ತಿಳಿಸಿ. ಹೆದ್ದಾರಿಗೆ ಇಳಿದು ಎತ್ತಿಕೊಳ್ಳಲು ಹೋಗಬೇಡಿ. ಬಿದ್ದದ್ದು ಎಷ್ಟೇ ಬೆಲೆಯದಾಗಲಿ, ಪ್ರಾಣಕ್ಕೆ ಸಮನಲ್ಲ. ನೀವು ಹಿಂದಿನ ಕಾರಿನಲ್ಲಿದ್ದರೆ, ಹೊರೆ ಹೊತ್ತ ವಾಹನದಿಂದ ದೂರವಿರಿ, ಸಾಧ್ಯವಾದರೆ ಪಥ ಬದಲಿಸಿ. ದೃಷ್ಟಿ ದೂರಕ್ಕಿರಲಿ. ಎದುರು ಏನಾದರೂ ಕಂಡಾಗ ಮೊದಲು ವೇಗವನ್ನು ತಗ್ಗಿಸಿ, ಪಕ್ಕದ ಪಥ ಬರಿದಾಗಿದೆಯೆಂದು ಖಚಿತವಾಗದೆ ಚಕ್ರವನ್ನು ಹೊರಳಿಸಬೇಡಿ. ಕಾರು ಕಲಿಯುತ್ತಿರುವ ಹದಿನಾರರ ಮಕ್ಕಳಿಗೆ ಇದನ್ನು ತಂದೆತಾಯಿಗಳು ಬಿಡಿಸಿ ಹೇಳಬೇಕು.

ಕೊನೆಯದಾಗಿ ಒಂದು ಮಾತು. ಹಿಂದೆ ಬರುವವರು ಯಾರೋ ಅಪರಿಚಿತರು ಎಂಬ ಭಾವನೆಯೇ ಈ ಅಜಾಗರೂಕತೆಯ ಮೂಲವೆಂದು ನನ್ನ ನಂಬಿಕೆ. ಇಂದು ಬೆಳಗ್ಗೆ ನಾನು ಇಲ್ಲಿಗೆ ಬಂದಾಗ ನಿಮ್ಮ ನಾಟಕದ ರಂಗಸಜ್ಜಿಕೆಯನ್ನೂ ಊಟದ ಮೇಜುಗಳನ್ನೂ ಹೊತ್ತ ಪಿಕಪ್ ಟ್ರಕ್ಕೊಂದು ಒಳಬರುತ್ತಿತ್ತು. ಅದರ ಹಿಂದೆಯೇ ಸಾಲಾಗಿ ನಾಲ್ಕು ಕಾರುಗಳು ಬಂದವು. ಒಂದರಲ್ಲಿ ರೇಷ್ಮೆ ಲಂಗ ತೊಟ್ಟ ಪುಟ್ಟ ಹುಡುಗಿಯರು, ಇನ್ನೊಂದರಲ್ಲಿ ಊರಿನಿಂದ ಬಂದಿರುವ ಯಾರದೋ ಅಜ್ಜಿ. ನಮ್ಮ ಹೊರೆಯ ಹಿಂದೆ ಬರುವವರು ನಮ್ಮವರೇ ಆಗಿದ್ದರು. ಸಂಜೆ ಅದೇ ಟ್ರಕ್ಕು ಅದೇ ಹೊರೆಯೊಡನೆ ಹಿಂದಿರುಗುತ್ತದೆ. ಅದರ ಹಿಂದೆ ಅದೇ ಮಕ್ಕಳಿರಬಹುದು, ಅಥವಾ ಬೇರೆ ಯಾರದೋ ಮಕ್ಕಳಿರಬಹುದು. ಹಗ್ಗಕ್ಕೆ ಆ ಭೇದ ತಿಳಿಯದು, ನಮಗೂ ತಿಳಿಯಬೇಕಾಗಿಲ್ಲ.

ಆ ಬೂದುಬಣ್ಣದ ಕಾರಿನವರನ್ನು ಹುಡುಕಿ ಕ್ಷಮೆ ಕೇಳುವುದು ನನಗೆ ಸಾಧ್ಯವಿಲ್ಲ. ಸಾಧ್ಯವಾದದ್ದನ್ನು ಮಾಡಲು ಎಂಟು ರ‍್ಯಾಚೆಟ್ ಪಟ್ಟಿಗಳನ್ನು ತಂದಿದ್ದೇನೆ. ಅವು ನಿಮ್ಮ ಕೂಟಕ್ಕೆ ನನ್ನ ಕಾಣಿಕೆ. ದಯವಿಟ್ಟು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡದೆ, ಬೇಕಾದವರು ಒಯ್ಯುವಂತೆ ಇಡಿ. ನಾಟಕ ಮುಗಿದು ಸಾಮಾನು ಹೇರುವಾಗ ನಾನು ಹೊರಗೆ ವಾಹನಗಳ ಅಂಗಳದಲ್ಲಿ ಇರುತ್ತೇನೆ. ಕಲಿಯಬೇಕೆನ್ನುವವರು ಬನ್ನಿ, ಒಟ್ಟಿಗೆ ಕಟ್ಟೋಣ. ಕಟ್ಟಿಯಾದ ಮೇಲೆ ಮಕ್ಕಳು ಟ್ರಕ್ಕಿನ ಸುತ್ತ ಒಂದು ಸುತ್ತು ಬಂದು, ನಾಲ್ಕೂ ಕಡೆ ಅಂಗೈಯಿಂದ ಬಡಿದು ನೋಡಲಿ.